ಕಂದಾಯದ ಹಣ, ಹೊಸರಿತ್ತಿಯ ನೆತ್ತರು

ಉಳುವವನ ನೆಲದ ಮೇಲೆ ಪ್ರಭುತ್ವದ ಹಕ್ಕೆಷ್ಟು ಎಂಬ ಪ್ರಶ್ನೆಗೆ ಮೈಲಾರ ಮಹದೇವಪ್ಪ ಪ್ರಾಣವನ್ನೇ ತೆತ್ತರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಜನಿಸಿದ ಅವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಹೆಜ್ಜೆಹಾಕಿದರು. ಪತ್ನಿ ಸಿದ್ದಮ್ಮನವರೂ ಸೆರೆವಾಸ ಅನುಭವಿಸಿದರು. ಕೊರಡೂರಿನ ಸೇವಾಶ್ರಮದಲ್ಲಿ ಖಾದಿ, ಗ್ರಾಮಸೇವೆಗಳಲ್ಲಿ ತೊಡಗಿದ್ದ ಮಹದೇವಪ್ಪ 1942ರ ಚಳವಳಿಗೆ ಧುಮುಕಿದರು. ರೈತರಿಂದ ವಸೂಲಾದ ಭೂಕಂದಾಯವೇ ಪರಕೀಯ ಆಡಳಿತದ ಆಧಾರವಾಗಿತ್ತು. 1943ರ ಏಪ್ರಿಲ್ 1ರಂದು ಹಾವೇರಿ ಬಳಿಯ ಹೊಸರಿತ್ತಿಯಲ್ಲಿ ಪೊಲೀಸ್ ಕಾವಲಿನಲ್ಲಿದ್ದ ಆ ಹಣವನ್ನು ವಶಪಡಿಸಿಕೊಳ್ಳಲು ಅವರ ತಂಡ ಮುಂದಾಯಿತು. ಗುಂಡಿಗೆ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಲಿಯಾದರು.

ಇಂದು ಕಂದಾಯ ನಮ್ಮದೇ ಸರ್ಕಾರಕ್ಕೆ ಸೇರುತ್ತದೆ. ಆದರೆ ರಾಣೆಬೆನ್ನೂರು, ಹಾವೇರಿ ಸೀಮೆಯಲ್ಲಿ ಕಾಲುವೆಗೆ ಹೊಲ ಬಿಟ್ಟುಕೊಟ್ಟ ರೈತ ನ್ಯಾಯಯುತ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಅಲೆಯಬೇಕಾದಾಗ ಆ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ವಿಳಂಬವಿಲ್ಲದ ಪರಿಹಾರ, ಹುತಾತ್ಮನಿಗೆ ಸ್ಮಾರಕಕ್ಕಿಂತ ಹಿರಿದಾದ ಗೌರವ.