ಬಾಗಿಲಲ್ಲಿ ಹಿಡಿಯದ ಗಾಡಿ

ಹೆನ್ರಿ ಫೋರ್ಡ್ ಅಂದ್ರೆ ನಮಗೆಲ್ಲ ನೆನಪಾಗೋದು ಮಾಡೆಲ್ ಟಿ, ಅಸೆಂಬ್ಲಿ ಲೈನ್. ನಾವು ಹೇಳಹೊರಟಿದ್ದು ಅದಕ್ಕೂ ಮುಂಚಿನ ಕಥೆ. 1863ರಲ್ಲಿ ಮಿಶಿಗನ್‌ನ ರೈತರ ಮನೆಯಲ್ಲಿ ಹುಟ್ಟಿದ ಈತನಿಗೆ ಹೊಲದ ಕೆಲಸ ಒಗ್ಗಲಿಲ್ಲ. ಎಂಜಿನಿಯರಿಂಗ್ ಡಿಗ್ರಿ ಇಲ್ಲದೆಯೇ ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆದ.

1893ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ತಾನೇ ಮಾಡಿದ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಅಡುಗೆಮನೆಯ ಸಿಂಕಿಗೆ ಬಿಗಿದ. ಸಿಲಿಂಡರ್ ಅಂದ್ರೆ ಗ್ಯಾಸ್ ಪೈಪಿನ ತುಂಡು, ಫ್ಲೈವೀಲ್ ಹಳೇ ಲೇತಿನದು, ಕಿಡಿಗೆ ಮನೆಯ ಕರೆಂಟು! ಹಬ್ಬದ ಅಡುಗೆ ಬಿಟ್ಟು ಬಂದ ಹೆಂಡತಿ ಕ್ಲಾರಾ ಪೆಟ್ರೋಲನ್ನು ಹನಿಹನಿಯಾಗಿ ಬಿಟ್ಟಳು. ಮನೆಯಲ್ಲಿ ಎರಡು ತಿಂಗಳೂ ತುಂಬದ ಕೂಸು ಬೇರೆ. ಎಂಜಿನ್ ಓಡಿತು. ನಮ್ಮ ಕೇಳಿದ್ರೆ ಅರ್ಧ ಕ್ರೆಡಿಟ್ ಕ್ಲಾರಾಳದ್ದೇ.

ಆಮೇಲಿನ ಕೆಲಸ ಅದೇ ಬಾಡಿಗೆ ಮನೆಯ ಹಿಂದಿದ್ದ ಇಟ್ಟಿಗೆ ಶೆಡ್ಡಿನಲ್ಲಿ. ಅರ್ಧ ಶೆಡ್ಡು ಪಕ್ಕದ ಮನೆಯವರ ಕಲ್ಲಿದ್ದಲಿಗೆ ಮೀಸಲಿತ್ತು. ಅವರು ತಮ್ಮ ಪಾಲನ್ನೂ ಬಿಟ್ಟುಕೊಟ್ಟರು. ಹಗಲು ನೌಕರಿ, ರಾತ್ರಿ ಶೆಡ್ಡು.

1896ರ ಜೂನ್ 4ರ ನಸುಕಿನಲ್ಲಿ ಗಾಡಿ ಸಿದ್ಧವಾಯ್ತು: ನಾಲ್ಕು ಸೈಕಲ್ ಚಕ್ರ, ಎರಡು ಸಿಲಿಂಡರ್, ಎರಡು ಗೇರು, ರಿವರ್ಸ್ ಇಲ್ಲ. ಆದ್ರೆ ಬಾಗಿಲಲ್ಲಿ ಹಿಡಿಯಲಿಲ್ಲ, ನೋಡಿ! ಇಷ್ಟೆಲ್ಲ ಲೆಕ್ಕ ಹಾಕಿದ ಮನುಷ್ಯ ಬಾಗಿಲು ಅಳೆದಿರಲಿಲ್ಲ. ಕೊಡಲಿ ತಗೊಂಡು ಗೋಡೆಯ ಇಟ್ಟಿಗೆ ಒಡೆದ. ಗೆಳೆಯ ಜಿಮ್ ಬಿಷಪ್ ಮುಂದೆ ಸೈಕಲ್ ತುಳಿಯುತ್ತಿದ್ದ, ಹಿಂದೆ ಗಾಡಿ. ಮನೆ ಯಜಮಾನ ಮೊದಲು ರೇಗಿದ, ಗಾಡಿ ನೋಡಿ ತಣ್ಣಗಾದ.

ಆ ಗಾಡಿಯನ್ನು 200 ಡಾಲರಿಗೆ ಮಾರಿದ, ಮುಂದೆ ಕೈಯಲ್ಲಿ ಕಾಸಾದ ಮೇಲೆ ವಾಪಸ್ ಕೊಂಡ. ಫೋರ್ಡ್ 1947ರಲ್ಲಿ ತೀರಿಕೊಂಡ. ಗಾಡಿ ಡಿಯರ್‌ಬಾರ್ನ್‌ನ ಮ್ಯೂಸಿಯಂನಲ್ಲಿ ಈಗಲೂ ಇದೆ.