ಅಜ್ಞಾತ ಜ್ವರದ ಮೂಲವನ್ನರಸಿದ ಆಲಿಸ್ ಇವಾನ್ಸ್

ಸಂಜೆಗೇರಿ ಮುಂಜಾನೆಗಿಳಿದು, ಮೈಯೆಲ್ಲ ಬೆವರಿಸಿ, ಕೀಲುಗಳನ್ನು ನೋಯಿಸಿ, ವಾಸಿಯಾಯಿತೆನ್ನುವಷ್ಟರಲ್ಲಿ ಮರುಕಳಿಸುವ ಜ್ವರವೊಂದುಂಟು. ವೈದ್ಯರು ಬಹುಕಾಲ ಅದನ್ನು ಒಮ್ಮೆ ವಿಷಮಶೀತಜ್ವರವೆಂದೂ ಒಮ್ಮೆ ಮಲೇರಿಯವೆಂದೂ ಒಮ್ಮೆ ಕ್ಷಯವೆಂದೂ ಬಗೆದರು. ಅದೇ ಬ್ರುಸೆಲ್ಲೋಸಿಸ್. ಆ ರೋಗದ ನಿಜಸ್ವರೂಪವನ್ನು ಲೋಕಕ್ಕೆ ತಿಳಿಯಪಡಿಸಿದವರಲ್ಲಿ ಆಲಿಸ್ ಕ್ಯಾಥರೀನ್ ಇವಾನ್ಸ್ ಅಗ್ರಗಣ್ಯರು.

ಆಲಿಸರು 1881ರ ಜನವರಿ 29ರಂದು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ನೀತ್ ಎಂಬಲ್ಲಿ ರೈತ ಕುಟುಂಬದಲ್ಲಿ ಜನಿಸಿದರು. ಓದು ಮುಂದುವರಿಸಲು ಹಣವಿಲ್ಲದೆ ನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾದರು. ಕಾರ್ನೆಲ್ ವಿಶ್ವವಿದ್ಯಾನಿಲಯವು ಗ್ರಾಮೀಣ ಶಿಕ್ಷಕರಿಗಾಗಿ ನಡೆಸುತ್ತಿದ್ದ ಪ್ರಕೃತಿಪಾಠದ ಉಚಿತ ತರಗತಿಯೇ ಅವರಿಗೆ ವಿಜ್ಞಾನದ ಹೆಬ್ಬಾಗಿಲಾಯಿತು. ವಿದ್ಯಾರ್ಥಿವೇತನದ ನೆರವಿನಿಂದ ಅಲ್ಲಿಯೇ 1909ರಲ್ಲಿ ಪದವಿಯನ್ನೂ, 1910ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಜೀವಾಣುಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದು, ಸರ್ಕಾರಿ ಕೃಷಿ ಇಲಾಖೆಯ ಹೈನು ವಿಭಾಗವನ್ನು ಸೇರಿದರು.

ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯರು 1887ರಲ್ಲಿ ಮಾಲ್ಟಾ ದ್ವೀಪದ ಜ್ವರಕ್ಕೆ ಕಾರಣವಾದ ಜೀವಾಣುವನ್ನು ಗುರುತಿಸಿದ್ದರು. ಅದು ಆಡಿನ ಹಾಲಿನಿಂದ ಬರುವುದೆಂದು 1905ರಲ್ಲಿ ಥೆಮಿಸ್ಟೋಕ್ಲಿಸ್ ಝಮ್ಮಿಟ್ ತೋರಿಸಿಕೊಟ್ಟಿದ್ದರು. ಹಸುಗಳು ಕಂದುಹಾಕಲು ಕಾರಣವಾದ ಜೀವಾಣುವನ್ನು 1897ರಲ್ಲಿ ಡೆನ್ಮಾರ್ಕಿನ ಬೆರ್ನ್‌ಹಾರ್ಡ್ ಬ್ಯಾಂಗ್ ಕಂಡುಹಿಡಿದಿದ್ದರು. ಇವೆರಡಕ್ಕೂ ಸಂಬಂಧವಿಲ್ಲವೆಂಬುದೇ ಪಂಡಿತರ ನಂಬಿಕೆಯಾಗಿತ್ತು. ಆಲಿಸರು ಎರಡನ್ನೂ ಒತ್ತಟ್ಟಿಗಿಟ್ಟು ಪರೀಕ್ಷಿಸಿ, ಅವು ಒಂದೇ ಕುಲದವೆಂದು ಮನಗಂಡರು. ಹಾಗಿದ್ದ ಮೇಲೆ ಹಸುವಿನ ಹಸಿಹಾಲೂ ಮನುಷ್ಯನಿಗೆ ಜ್ವರ ತರಬಲ್ಲದು! 1917ರಲ್ಲಿ ವಿದ್ವತ್ಸಭೆಯ ಮುಂದೆ ಇದನ್ನು ನಿರೂಪಿಸಿ, ಮರುವರ್ಷ ಪ್ರಕಟಿಸಿದರು.

ಒಡನೆಯೇ ವಿರೋಧವೆದ್ದಿತು. ಹಾಲಿನ ವ್ಯಾಪಾರಿಗಳು ಸಿಡಿಮಿಡಿಗೊಂಡರು. ಥಿಯೋಬಾಲ್ಡ್ ಸ್ಮಿತ್ ಅವರಂಥ ಮಹಾವಿಜ್ಞಾನಿಗಳೇ ಒಪ್ಪಲಿಲ್ಲ. ಡಾಕ್ಟರೇಟ್ ಇಲ್ಲದ ಮಹಿಳೆಯೊಬ್ಬರ ಮಾತಿಗೆ ಮನ್ನಣೆಯೆಲ್ಲಿಯದು? ಆಲಿಸರು ವಾಗ್ವಾದಕ್ಕಿಳಿಯದೆ ಪ್ರಯೋಗದಲ್ಲಿಯೇ ನಿರತರಾದರು. 1920ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಅವರ ನಿರ್ಣಯವನ್ನು ಸಮರ್ಥಿಸಿ, ಬ್ರೂಸರ ಗೌರವಾರ್ಥ ಆ ಕುಲಕ್ಕೆ ಬ್ರುಸೆಲ್ಲ ಎಂಬ ನಾಮಧೇಯವನ್ನು ಸೂಚಿಸಿದರು.

ವಿಧಿಯ ವಿಪರ್ಯಾಸವನ್ನೇನೆಂಬುದು! 1922ರಲ್ಲಿ ಪ್ರಯೋಗಶಾಲೆಯಲ್ಲಿಯೇ ಆ ಸೋಂಕು ಆಲಿಸರಿಗೆ ತಗುಲಿತು. ಜ್ವರ ಬಂದು ಹೋಗುತ್ತಿದ್ದರೂ ವೈದ್ಯರಿಗೆ ಕಾರಣ ತೋರದೆ, ಅದನ್ನು ನರದೌರ್ಬಲ್ಯವೆಂದರು. ರೋಗದ ಬಾಧೆಗಿಂತ, ರೋಗವೇ ಇಲ್ಲವೆಂಬ ಮಾತಿನ ಬಾಧೆ ದೊಡ್ಡದು. 1928ರಲ್ಲಿ ಅನ್ಯ ಕಾರಣಕ್ಕಾಗಿ ನಡೆದ ಶಸ್ತ್ರಚಿಕಿತ್ಸೆಯ ವೇಳೆ ದೇಹದಿಂದ ಆ ಜೀವಾಣುವನ್ನೇ ಬೆಳೆಸಿ ತೆಗೆದಾಗ ಸಂಶಯವು ನೀಗಿತು. ರೋಗ ಮಾತ್ರ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಡಿತು. ಅದೇ 1928ರಲ್ಲಿ ಅಮೆರಿಕದ ಜೀವಾಣುಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಪದವಿಗೇರಿದ ಪ್ರಥಮ ಮಹಿಳೆಯೆಂಬ ಕೀರ್ತಿಗೆ ಅವರು ಪಾತ್ರರಾದರು. 1930ರ ದಶಕದಲ್ಲಿ ಹಾಲನ್ನು ಹದವಾಗಿ ಕಾಯಿಸಿ ತಣಿಸುವ ಪ್ಯಾಶ್ಚರೀಕರಣ ಆ ದೇಶದ ಅನೇಕ ಕಡೆ ಕಡ್ಡಾಯವಾಯಿತು. 1945ರಲ್ಲಿ ನಿವೃತ್ತರಾದ ಆಲಿಸರು 1975ರ ಸೆಪ್ಟೆಂಬರ್ 5ರಂದು ದಿವಂಗತರಾದರು.

ಇಂದು ರೋಗಿಯ ರಕ್ತದಿಂದ ಜೀವಾಣುವನ್ನು ಬೆಳೆಸಿ ನೋಡುವ ವಿಧಾನವೂ, ರಕ್ತರಸದೊಡನೆ ಬೆರೆಸಿದ ಜೀವಾಣುಗಳು ಗುಂಪುಗೂಡುವುವೇ ಎಂದು ನೋಡುವ ಪರೀಕ್ಷೆಯೂ ಉಂಟು. ವಾರಗಟ್ಟಲೆ ಕೊಡುವ ಔಷಧಗಳೂ ಉಂಟು. ಆದರೆ ಶಂಕೆ ಮೂಡದೆ ಪರೀಕ್ಷೆ ನಡೆಯದು. ನಮ್ಮ ನಾಡಿನ ದನಕರು, ಆಡುಕುರಿಗಳಲ್ಲಿಯೂ ಈ ಸೋಂಕುಂಟು. ಆದುದರಿಂದ ಬಿಡದ ಜ್ವರದಿಂದ ಬಳಲುವವನನ್ನು, ಹಸಿಹಾಲು ಕುಡಿದೆಯಾ, ಕಂದುಹಾಕಿದ ಹಸುವಿನ ಆರೈಕೆ ಮಾಡಿದೆಯಾ ಎಂದು ಕೇಳುವುದು ವೈದ್ಯನ ಮೊದಲ ಕರ್ತವ್ಯ. ಹಳ್ಳಿಯ ಉಪಾಧ್ಯಾಯಿನಿಯೊಬ್ಬರಿಗೆ ದೊರೆತ ಉಚಿತ ವಿದ್ಯೆ ಅಸಂಖ್ಯ ಮನೆಗಳ ಹಾಲಿನ ಬಟ್ಟಲನ್ನು ನಿರ್ವಿಷಗೊಳಿಸಿತು. ವಿದ್ಯಾದಾನದ ಫಲಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ?