ಹಳೇ ಕಾರಿನ ಅಸಲಿ ಬಣ್ಣ ಹುಡುಕುವವರಿಗೆ ಸಿಗುವ ಹೆಸರು: ಚಾರ್ಲ್ಸ್ ಕೆಟರಿಂಗ್

ಮುಂಬೈಯಾಗಲಿ, ಪುಣೆಯಾಗಲಿ, ಹೈದರಾಬಾದ್ ಆಗಲಿ, ಕಾರಿಗೆ ಬಣ್ಣ ಹೊಡೆಯುವ ಹಳೇ ಗ್ಯಾರೇಜಿಗೆ ಹೋದರೆ ಡ್ಯೂಕೊ ಎಂಬ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಈಗಂತೂ ಮನೆಯ ವಾರ್ಡ್‌ರೋಬ್ ಮಾಡುವ ಬಡಗಿಯೂ ಡ್ಯೂಕೊ ಮಾಡಿಸುತ್ತೀರಾ ಎಂದು ಕೇಳುತ್ತಾನೆ. ಸ್ಪ್ರೇ ಮಾಡಿ ಕನ್ನಡಿಯಂತೆ ಹೊಳೆಸಿದ ಬಣ್ಣಕ್ಕೆಲ್ಲ ನಮ್ಮಲ್ಲಿ ಅದೇ ಹೆಸರು. ಅಸಲಿಗೆ ಅದು ಅಮೆರಿಕದ ಡುಪಾಂಟ್ ಕಂಪನಿ 1923ರಲ್ಲಿ ಮಾರುಕಟ್ಟೆಗೆ ಬಿಟ್ಟ ಒಂದು ಬಣ್ಣದ ಬ್ರ್ಯಾಂಡ್. ಆ ಬಣ್ಣ ಕಾರಿನ ಮೈಮೇಲೆ ಬರಲೇಬೇಕೆಂದು ಹಟ ಹಿಡಿದು ಕೂತಿದ್ದವರು ಚಾರ್ಲ್ಸ್ ಕೆಟರಿಂಗ್.

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಓಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ಹೊಲಮನೆಯಲ್ಲಿ. ರೈತನ ಮಗ. ಓದಿನಲ್ಲಿ ಚುರುಕು, ಆದರೆ ಕಣ್ಣು ಕೈಕೊಡುತ್ತಿತ್ತು. ಪುಸ್ತಕ ಹಿಡಿದರೆ ತಲೆನೋವು. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ತಂಡ ಸೇರಿಕೊಂಡರು. ಬಿಸಿಲಲ್ಲಿ ಗುಂಡಿ ತೋಡುತ್ತಲೇ ವಿದ್ಯುತ್ತಿನ ಮರ್ಮ ಕಲಿತರು. ಮತ್ತೆ ಓದಿಗೆ ಮರಳಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಪಡೆದಾಗ 1904. ವಯಸ್ಸು 28ರ ಹತ್ತಿರ.

ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿಯ ಗಲ್ಲಾಪೆಟ್ಟಿಗೆಯ ಯಂತ್ರವನ್ನು ಕೈಯಿಂದ ತಿರುಗಿಸುವ ಬದಲು ವಿದ್ಯುತ್ ಮೋಟರಿನಿಂದ ಓಡಿಸಿದರು. ಅಲ್ಲಿ ಅವರಿಗೆ ಒಂದು ಸಂಗತಿ ಹೊಳೆದಿತ್ತು. ಮೋಟರು ದಿನವಿಡೀ ಓಡಬೇಕಿಲ್ಲ, ಒಂದೆರಡು ಕ್ಷಣ ಜೋರಾಗಿ ದುಡಿದು ಸುಮ್ಮನಾದರೆ ಸಾಕು. ಹಾಗಾದರೆ ಸಣ್ಣ ಮೋಟರಿಗೂ ದೊಡ್ಡ ಕೆಲಸ ಹೇಳಬಹುದು. ಇದೇ ಲೆಕ್ಕ ಮುಂದೆ ಕಾರಿಗೆ ಬಂತು.

ಆಗ ಕಾರು ಚಾಲೂ ಮಾಡಲು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈ ಮುರಿಯುತ್ತಿತ್ತು. ಗೆಳೆಯ ಎಡ್ವರ್ಡ್ ಡೀಡ್ಸ್ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಕೆಲವು ಸಹೋದ್ಯೋಗಿಗಳನ್ನು ಸೇರಿಸಿಕೊಂಡು, ರಾತ್ರಿ ಮತ್ತು ರಜಾದಿನಗಳಲ್ಲಿ ಕೆಟರಿಂಗ್ ಪ್ರಯೋಗ ನಡೆಸಿದರು. 1909ರಲ್ಲಿ ಡೆಲ್ಕೊ ಕಂಪನಿ ಹುಟ್ಟಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಅವರ ಸೆಲ್ಫ್ ಸ್ಟಾರ್ಟರ್ ಬಂತು. ನಾವು ಇಂದಿಗೂ ಸೆಲ್ಫ್ ಹೊಡೆಯೋದು ಅನ್ನುತ್ತೇವಲ್ಲ, ಅದು ಬಂದಿದ್ದು ಆ ಕೊಟ್ಟಿಗೆಯಿಂದ. ಡೆಲ್ಕೊ ಮುಂದೆ ಜನರಲ್ ಮೋಟರ್ಸ್ ಪಾಲಾಯಿತು. 1920ರಿಂದ 1947ರವರೆಗೆ ಆ ಕಂಪನಿಯ ಸಂಶೋಧನಾ ವಿಭಾಗಕ್ಕೆ ಕೆಟರಿಂಗ್ ಮುಖ್ಯಸ್ಥರು.

ಈಗ ಬಣ್ಣದ ವಿಷಯಕ್ಕೆ ಬರೋಣ. 1920ರ ಸುಮಾರಿಗೆ ಕಾರಿಗೆ ಹಚ್ಚುತ್ತಿದ್ದದ್ದು ಕುದುರೆ ಸಾರೋಟಿಗೆ ಹಚ್ಚುತ್ತಿದ್ದ ಬಣ್ಣವೇ. ಎಣ್ಣೆ ಮತ್ತು ವಾರ್ನಿಶ್ ಬೆರೆತ ಬಣ್ಣವನ್ನು ಬ್ರಶ್‌ನಲ್ಲಿ ಪದರದ ಮೇಲೆ ಪದರವಾಗಿ ಬಳಿಯಬೇಕು. ಒಂದು ಪದರ ಒಣಗಿ, ಉಜ್ಜಿ, ಮತ್ತೊಂದು. ಕಾರು ಹೊರಗೆ ಬರಲು ವಾರಗಳೇ ಹಿಡಿಯುತ್ತಿದ್ದವು, ದುಬಾರಿ ಕಾರಿಗೆ ತಿಂಗಳು. ದಿನಕ್ಕೆ 1000 ಕಾರು ತಯಾರಿಸುವ ಕಾರ್ಖಾನೆಯಲ್ಲಿ ಬಣ್ಣ ಒಣಗಲು 20 ದಿನ ಬೇಕೆಂದರೆ 20,000 ಕಾರುಗಳಿಗೆ ಧೂಳು ಬೀಳದ ಸೂರು ಬೇಕು! ಇಷ್ಟೆಲ್ಲ ಮಾಡಿದರೂ ಒಂದೆರಡು ಬೇಸಿಗೆಗೆ ಬಣ್ಣ ಮಂಕಾಗಿ ಬಿರುಕು ಬಿಡುತ್ತಿತ್ತು. ಹೆನ್ರಿ ಫೋರ್ಡ್ ಈ ರಗಳೆಯೇ ಬೇಡವೆಂದು 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಷ್ಟೇ ಕೊಟ್ಟರು. ಒಲೆಯಲ್ಲಿ ಬೇಯಿಸಿ ಒಣಗಿಸುವ ಕಪ್ಪು ಬಣ್ಣ ಅಗ್ಗ, ಗಟ್ಟಿ.

ಕೆಟರಿಂಗ್ ಬಣ್ಣದ ತಯಾರಕರನ್ನು ಕರೆಸಿ ಸಮಯ ಇಳಿಸಿ ಎಂದರು. ಅವರು ಒಂದೆರಡು ದಿನದ ವಿನಾಯಿತಿಗೂ ತಲೆಯಾಡಿಸಿದರು. ಇವರಿಗೆ ಬೇಕಿದ್ದದ್ದು ಗಂಟೆಯ ಲೆಕ್ಕ. ಆಮೇಲಿನದು ಡೆಟ್ರಾಯಿಟ್‌ನಲ್ಲಿ ದಂತಕಥೆಯಾಗಿಬಿಟ್ಟಿದೆ. ನ್ಯೂಯಾರ್ಕಿನ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಲ್ಯಾಕರ್ ಹಚ್ಚಿದ ಪುಟ್ಟ ಪಿನ್ ತಟ್ಟೆ ಅವರ ಕಣ್ಣಿಗೆ ಬಿತ್ತಂತೆ. ಕೊಂಡುಕೊಂಡು, ಅದರ ಬಣ್ಣ ಮಾಡಿದವರನ್ನು ಹುಡುಕಿ ಹೋದರಂತೆ. ಆ ಲ್ಯಾಕರ್ ಒಣಗುವ ವೇಗ ಎಷ್ಟೆಂದರೆ, ಸ್ಪ್ರೇ ಮಾಡಿದರೆ ಕಾರಿನ ಮೈ ಮುಟ್ಟುವ ಮೊದಲೇ ಪುಡಿಯಾಗುತ್ತಿತ್ತಂತೆ. ಇನ್ನೊಂದು ಕತೆಯಂತೂ ಇನ್ನೂ ಸೊಗಸು. ಬಣ್ಣದ ವ್ಯಾಪಾರಿಯೊಬ್ಬರನ್ನು ಊಟಕ್ಕೆ ಕರೆದೊಯ್ದರು, ಊಟ ಮುಗಿಸಿ ಬಂದ ಆ ವ್ಯಕ್ತಿಗೆ ತಮ್ಮ ಕಾರೇ ಗುರುತು ಸಿಗಲಿಲ್ಲ, ಅಷ್ಟರಲ್ಲಿ ಅದಕ್ಕೆ ಬೇರೆ ಬಣ್ಣ ಹೊಡೆದು ಒಣಗಿಸಿ ನಿಲ್ಲಿಸಿದ್ದರು ಎನ್ನುತ್ತಾರೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು.

ಗಟ್ಟಿಯಾಗಿ ಹೇಳಬಹುದಾದ ಕತೆ ಡುಪಾಂಟ್ ಪ್ರಯೋಗಾಲಯದ್ದು. ಸಿಡಿಮದ್ದಿಗೂ ಸಿನಿಮಾ ಫಿಲ್ಮಿಗೂ ಆಗ ಬಳಸುತ್ತಿದ್ದ ನೈಟ್ರೊಸೆಲ್ಯುಲೋಸ್‌ನಿಂದ ಲ್ಯಾಕರ್ ಮಾಡಬಹುದೆಂದು ಮೊದಲೇ ಗೊತ್ತಿತ್ತು. ತೊಂದರೆ ಏನೆಂದರೆ ಅದು ಜೇನಿನಂತೆ ಮಂದ. ಸ್ಪ್ರೇ ಆಗುವಷ್ಟು ತೆಳು ಮಾಡಿದರೆ ಬಣ್ಣದ ಪುಡಿ ಹಿಡಿಯುವಷ್ಟು ಸತ್ವ ಉಳಿಯುತ್ತಿರಲಿಲ್ಲ. 1920ರ ಜುಲೈ ರಜೆಯಲ್ಲಿ ನ್ಯೂಜೆರ್ಸಿಯ ಪಾರ್ಲಿನ್ ಘಟಕದಲ್ಲಿ ಒಂದು ಡ್ರಮ್ ಬಿಸಿಲಲ್ಲೇ ಉಳಿದುಹೋಯಿತು. ಮರಳಿ ಬಂದು ನೋಡಿದರೆ ಒಳಗಿನ ಮಂದ ದ್ರಾವಣ ತೆಳ್ಳಗೆ ಹರಿಯುವಂತಾಗಿತ್ತು. ಇದರ ಬೆನ್ನು ಹತ್ತಿದ್ದು ಎಡ್ಮಂಡ್ ಫ್ಲಾಹರ್ಟಿ ಎಂಬ ರಸಾಯನಶಾಸ್ತ್ರಜ್ಞ. ಕೆಟರಿಂಗ್ ತಂಡ ಮತ್ತು ಡುಪಾಂಟ್ ಸೇರಿ ಇನ್ನೂ ಎರಡು ಮೂರು ವರ್ಷ ಅದನ್ನು ತಿದ್ದಿ ತೀಡಿದ ಮೇಲೆ ಡ್ಯೂಕೊ ಆಯಿತು. ಅದನ್ನು ಮೊದಲು ಹೊತ್ತು ಬೀದಿಗಿಳಿದದ್ದು 1924ರ ಮಾದರಿಯ ಓಕ್‌ಲ್ಯಾಂಡ್ ಕಾರು. ಬಣ್ಣದ ಹೆಸರು ಟ್ರೂ ಬ್ಲೂ.

ಮುಂದಿನದು ಬೇಗ ಬೇಗ ನಡೆಯಿತು. ಜನರಲ್ ಮೋಟರ್ಸ್‌ನ ಉಳಿದ ಕಾರುಗಳೂ ನೀಲಿ, ಹಸಿರು, ಕಂದು ಎಂದು ಬಣ್ಣ ಬಣ್ಣವಾಗಿ ಬಂದವು. 1926ರ ಹೊತ್ತಿಗೆ ಫೋರ್ಡ್ ಕೂಡ ಕಪ್ಪಿನ ಹಟ ಬಿಡಬೇಕಾಯಿತು.

ಇನ್ನು ಇವತ್ತಿನ ತಲೆನೋವು. ಅಂಥ ಹಳೇ ಕಾರನ್ನು ರಿಪೇರಿ ಮಾಡಿ ರ‍್ಯಾಲಿಗೆ ಇಳಿಸುವವರು ಅಸಲಿ ಬಣ್ಣ ಹುಡುಕಲು ಬಾನೆಟ್ ನೋಡಿದರೆ ಮೋಸ ಹೋದಂತೆಯೇ. ನೈಟ್ರೊಸೆಲ್ಯುಲೋಸ್ ಬಿಸಿಲಿಗೂ ವಯಸ್ಸಿಗೂ ಹಳದಿ ತಿರುಗುತ್ತದೆ. ನೀಲಿಯ ಮೇಲೆ ಹಳದಿ ಛಾಯೆ ಬಂದರೆ ಕಣ್ಣಿಗೆ ಕಾಣುವುದು ಹಸಿರು ಬೆರೆತ ನೀಲಿ. ಅದನ್ನೇ ಸ್ಯಾಂಪಲ್ ಎಂದು ಕೊಟ್ಟರೆ ಪೇಂಟರ್ ಮುಪ್ಪಿನ ಬಣ್ಣವನ್ನೇ ಹೊಸದಾಗಿ ಹೊಡೆದುಕೊಡುತ್ತಾನೆ. ತಿಳಿದವರು ಡ್ಯಾಶ್‌ಬೋರ್ಡ್ ಹಿಂದೆ, ಬಾಗಿಲಿನ ಹಿಂಜಿನ ಅಡಿ, ಕ್ರೋಮ್ ಪಟ್ಟಿ ಕಳಚಿದ ಜಾಗ, ಸೀಟಿನ ಕೆಳಗೆ ಬಿಸಿಲು ಕಾಣದ ಒಂದು ಅಂಗುಲ ಹುಡುಕುತ್ತಾರೆ. ಮೇಲಿನ ಪೊರೆಯನ್ನು ರಬ್ಬಿಂಗ್ ಕಾಂಪೌಂಡಿನಿಂದ ಮೆಲ್ಲಗೆ ಉಜ್ಜಿ ತೆಗೆದು, ಒಳಗಿನ ಬಣ್ಣ ತಾಜಾ ಆಗಿ ಕಂಡ ಮೇಲೇ ಅಳತೆ.

ಸ್ಪೆಕ್ಟ್ರೊಫೋಟೋಮೀಟರ್ ಎಂಬ ಯಂತ್ರ ಹಿಡಿದರೆ ಫಾರ್ಮುಲಾ ಬರುತ್ತದೆ ನಿಜ. ಆದರೆ ಅಂದಿನ ಹಳದಿ, ಕಿತ್ತಳೆಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ವಿಷವೆಂದು ಅದನ್ನು ಈಗ ಸಾಮಾನ್ಯವಾಗಿ ಬಳಸುವುದಿಲ್ಲ. ಬೇರೆ ಪುಡಿಗಳಿಂದ ಅದೇ ಬಣ್ಣ ಕಲಸಿದರೆ ಗ್ಯಾರೇಜಿನ ಟ್ಯೂಬ್‌ಲೈಟಿನಲ್ಲಿ ಅಚ್ಚು ಹೊಂದಿಕೆ, ಹೊರಗೆ ಬಿಸಿಲಿಗೆ ತಂದರೆ ಬಾಗಿಲೊಂದು ಬಣ್ಣ, ಮಡ್ಗಾರ್ಡ್ ಒಂದು ಬಣ್ಣ! ಹೀಗಾಗಿ ಅನುಭವಿ ಪೇಂಟರುಗಳು ಪ್ಯಾಚ್ ಹೊಡೆದು, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಅಂಗಳಕ್ಕೆ ತಂದು ನೋಡದೆ ಒಪ್ಪುವುದಿಲ್ಲ. ಹಳೇ ಪದರ ಉಜ್ಜುವಾಗ ಮುಖಕ್ಕೆ ಮಾಸ್ಕ್ ಬೇಕೇಬೇಕು, ಆ ಧೂಳಿನಲ್ಲಿ ಸೀಸ ಇರಬಹುದು.

ಸೀಸದ ಮಾತು ಬಂದಾಗ ಕೆಟರಿಂಗ್ ಬದುಕಿನ ಇನ್ನೊಂದು ಮುಖ ಬಿಡುವಂತಿಲ್ಲ. ಎಂಜಿನ್ ಬಡಿತ ನಿಲ್ಲಿಸಲು ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವನ್ನು 1921ರಲ್ಲಿ ಕಂಡುಹಿಡಿದದ್ದು ಅವರ ಕೈಕೆಳಗಿನ ಥಾಮಸ್ ಮಿಜ್ಲಿ. ಮದ್ಯಸಾರ ಬೆರೆಸಿದರೂ ಬಡಿತ ನಿಲ್ಲುತ್ತದೆಂದು ಅವರ ಪ್ರಯೋಗಾಲಯಕ್ಕೆ ಗೊತ್ತಿತ್ತು. ಆದರೆ ಗೆದ್ದದ್ದು ಸೀಸ. ಮಾರಾಟಕ್ಕೆ ಇಟ್ಟ ಹೆಸರು ಎಥಿಲ್, ಅದರಲ್ಲಿ ಸೀಸದ ಸುಳಿವೇ ಇರಲಿಲ್ಲ. 1924ರಲ್ಲಿ ಅದನ್ನು ತಯಾರಿಸುವ ಘಟಕಗಳಲ್ಲಿ ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಎಥಿಲ್ ಕಂಪನಿಯ ಮೊದಲ ಅಧ್ಯಕ್ಷ ಕೆಟರಿಂಗ್ ಅವರೇ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಬಣ್ಣಕ್ಕಾಗಿ ಅವರನ್ನು ಹೊಗಳುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಸೋಲೂ ಇತ್ತು. ನೀರಿಲ್ಲದೆ, ತಾಮ್ರದ ರೆಕ್ಕೆಗಳಿಂದ ಗಾಳಿಗೇ ತಣ್ಣಗಾಗುವ ಎಂಜಿನ್ ಅವರ ಕನಸಾಗಿತ್ತು. 1923ರಲ್ಲಿ ಬಂದ ಆ ಶೆವ್ರೊಲೆ ಕಾದು ಕೆಂಡವಾಗಿ, ಕಂಪನಿ ಅವನ್ನೆಲ್ಲ ವಾಪಸ್ ತರಿಸಿಕೊಂಡಿತು. ಕೆಟರಿಂಗ್ ಕೆಲಸ ಬಿಡಲು ಸಿದ್ಧರಾಗಿದ್ದರು, ಕಂಪನಿಯ ಆಲ್ಫ್ರೆಡ್ ಸ್ಲೋನ್ ತಡೆದರು. ಇದೇ ಇಬ್ಬರ ಹೆಸರಿನಲ್ಲಿ 1945ರಲ್ಲಿ ನ್ಯೂಯಾರ್ಕಿನಲ್ಲಿ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಶುರುವಾಯಿತು. ಕ್ಯಾನ್ಸರ್ ಚಿಕಿತ್ಸೆಯ ಸುದ್ದಿಗಳಲ್ಲಿ ಆ ಹೆಸರನ್ನು ಹಲವರು ಕೇಳಿರುತ್ತೀರಿ.

ಡ್ಯೂಕೊ ಕೊನೆಗೆ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಜನರಲ್ ಮೋಟರ್ಸ್‌ನಲ್ಲಿ ಡುಪಾಂಟ್‌ಗೆ ಸುಮಾರು ಶೇ.23ರಷ್ಟು ಷೇರು ಇತ್ತು. ಕಾರಿಗೆ ಬಣ್ಣ ಮತ್ತು ಬಟ್ಟೆ ಮಾರಲು ಆ ಪಾಲೇ ಡುಪಾಂಟ್‌ಗೆ ಅನುಕೂಲ ಮಾಡಿಕೊಟ್ಟಿತು, ಇದು ಕಾನೂನಿಗೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ನವೆಂಬರ್ 25ರಂದು ಕೆಟರಿಂಗ್ ತೀರಿಕೊಂಡರು. ವಯಸ್ಸು 82. ಅವರ ಹೆಸರಲ್ಲಿ 180ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ಅಷ್ಟರಲ್ಲಿ ಡ್ಯೂಕೊ ಜಾಗಕ್ಕೆ ಹೆಚ್ಚು ಬಾಳುವ ಅಕ್ರಿಲಿಕ್ ಲ್ಯಾಕರ್ ಬರತೊಡಗಿತ್ತು.

ಮುಂಬೈ ಕನ್ನಡಿಗರಿಗೆ ಒಂದು ಮಾತು. ಜನರಲ್ ಮೋಟರ್ಸ್ 1928ರಲ್ಲಿ ಶಿವ್ಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. 1954ರವರೆಗೂ ಅದು ನಡೆಯಿತು. ಮುಂದಿನ ಸಲ ರ‍್ಯಾಲಿಯಲ್ಲಿ ಆ ಕಾಲದ ಶೆವ್ರೊಲೆ ಕಂಡರೆ ಮಾಲೀಕರನ್ನು ಕೇಳಿ ನೋಡಿ, ಬಣ್ಣ ಎಲ್ಲಿಂದ ಹಿಡಿದಿರಿ ಎಂದು. ಬಾಗಿಲು ತೆರೆದು ಹಿಂಜಿನ ಸಂದಿಯತ್ತ ಬೆರಳು ತೋರಿಸಿದರೆ, ಅವರು ಕೆಲಸ ಬಲ್ಲವರು.